ಹಳ್ಳ ನೋಡಲು ಬಂದವರು

ಪಂಚಮಿ ಹತ್ತಿರ ಬಂತೆಂದರೆ ನನ್ನ ಹೆಂಡತಿ ಸುಮಂಗಲಾಳ ಕೈಗೆ ಕಸಬರಿಗೆ ಬರುತ್ತದೆ. ಆಮೇಲೆ ನಮ್ಮ ಮನೆಯ ಯಾವ ಸಾಮಾನಿಗೂ ಜೀವದ ಭರವಸೆ ಇರುವುದಿಲ್ಲ. ಮೊನ್ನೆ ಅಟ್ಟದ ಮೇಲಿನ ಡಬ್ಬಿಗಳ ಹಿಂದೆ ಕೈಹಾಕಿ ಒಂದು ಒಂಟಿ ಚಪ್ಪಲಿ ಎಳೆದಳು. ಎಡಗಾಲಿನದು. ಸತ್ತ ಇಲಿಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದನ್ನರೆ ಹೊರಗ ಒಗೀಲೇನ್ರಿ?" ಎಂದಳು.

"ಏ, ಏ, ಅದನ್ನ ಮುಟ್ಟಬ್ಯಾಡ!" ಎಂದು ನಾನು ಓದುತ್ತಿದ್ದ ಪೇಪರು ಬಿಸಾಡಿ ಎದ್ದೆ.

"ಒಂದೇ ಚಪ್ಪಲಿ ಇಟಗೊಂಡು ಏನು ಮಾಡ್ತೀರಿ? ಕುಂಟಾಟ ಆಡ್ತೀರೇನು, ಈ ವಯಸ್ಸಿನ್ಯಾಗ?"

"ಇನ್ನೊಂದು ಹಳ್ಳದಾಗ ಹೋಗೈತಿ. ನಿನಗ ಗೊತ್ತೈತಲ್ಲ."

ಗೊತ್ತಿದ್ದೇ ಕೇಳಿದ್ದಳು. ನಗುತ್ತ ಅದನ್ನು ನನ್ನ ಕಡೆ ಎಸೆದು ಮುಂದಿನ ಡಬ್ಬಿಗೆ ಕೈಹಾಕಿದಳು. ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೆ ಹೇಳುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ನಾನು ನೆಟ್ಟಗೆ ಹೇಳುವವನಲ್ಲ. ಅದರಲ್ಲೂ ಹಳ್ಳದ ಮಾತು ಬಂದರೆ ನನ್ನನ್ನು ಹಿಡಿಯುವವರಿಲ್ಲ.

ನೀವು ಸದಾ ನೀರು ಕಾಣುವ ಸೀಮೆಯವರಾಗಿದ್ದರೆ ನಮ್ಮ ಹುಚ್ಚು ನಿಮಗೆ ಅರ್ಥವಾಗುವುದು ಕಷ್ಟ. ನಮ್ಮ ಕಡೆ ಹಳ್ಳವೆಂದರೆ ವರ್ಷದ ಬಹುಪಾಲು ಎಮ್ಮೆ ಅಡ್ಡಾಡುವ ಜಾಗ, ಹುಡುಗರು ಕ್ರಿಕೆಟ್ ಆಡುವ ಜಾಗ, ಟ್ರ್ಯಾಕ್ಟರಿನವರು ಉಸುಕು ತುಂಬುವ ಜಾಗ. ಅದು ಹರಿಯುತ್ತದೆ ಎಂಬುದನ್ನೇ ಊರು ಮರೆತಿರುತ್ತದೆ. ಒಂದು ದಿನ ಎಲ್ಲೋ ಮೇಲೆ ದೊಡ್ಡ ಮಳೆಯಾಗಿ, ಯಾರೋ ಒಬ್ಬ ಓಣಿಯಲ್ಲಿ "ಹಳ್ಳ ಬಂತೋ!" ಎಂದು ಕೂಗುತ್ತಾನೆ. ಅಷ್ಟೇ! ಬೀಗರು ಬಂದರೂ ಅಷ್ಟು ಸಡಗರವಿಲ್ಲ. ಹಂಚಿನ ಮೇಲಿನ ರೊಟ್ಟಿ ಹಂಚಿನಲ್ಲೇ, ಅರ್ಧ ಬೋಳಿಸಿದ ಗಡ್ಡ ಅರ್ಧದಲ್ಲೇ, ಇಡೀ ಊರು ದಂಡೆಗೆ.

ನಾವು ಹುಟ್ಟಿ ಬೆಳೆದದ್ದು ಮಸ್ಕಿ ಹತ್ತಿರದ ಸಂತೆಕಲ್ಲೂರಿನಲ್ಲಿ. ಜೋಳ, ತೊಗರಿಯ ಒಣಭೂಮಿ. ಹಳ್ಳ ಬಂದ ದಿನ ನಮ್ಮ ಶಾಲೆಯ ಮಾಸ್ತರರು ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿ ನಮಗಿಂತ ಮುಂದೆ ತಾವೇ ಓಡುತ್ತಿದ್ದರು. ನನ್ನನ್ನು ಕರೆದುಕೊಂಡು ಹೋಗುತ್ತಿದ್ದವಳು ನನ್ನ ಅಕ್ಕ ನೀಲಮ್ಮ, ನನಗಿಂತ ಎಂಟು ವರ್ಷ ದೊಡ್ಡವಳು. ದಂಡೆ ಮುಟ್ಟಿದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ ನನ್ನ ಅಂಗಿಯ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕುವುದು. "ಬಿಡಬೇ ಯಕ್ಕಾ, ಎಲ್ಲಾರೂ ನಗ್ತಾರ" ಎಂದರೆ, "ನಗವಲ್ರ್ಯಾಕ. ನೀ ತೇಲಿ ಹ್ವಾದ್ರ ಅವ್ವಗ ನಾ ಏನು ಹೇಳ್ಲಿ?" ಎನ್ನುವಳು. ಗಂಟು ಎಂಥಾ ಗಂಟು ಅಂತೀರಿ! ಮನೆಗೆ ಬಂದ ಮೇಲೆ ಅವ್ವ ಹಲ್ಲಿನಿಂದ ಬಿಚ್ಚಬೇಕಾಗುತ್ತಿತ್ತು.

ಒಮ್ಮೆ ಹಳ್ಳದಲ್ಲಿ ಕುಂಬಳಕಾಯಿ ತೇಲಿ ಬಂತು. ಯಾರ ಹೊಲದ್ದೋ ಏನೋ, ಕೊಡದಷ್ಟು ದಪ್ಪ. ಅಕ್ಕ ಜಾಲಿ ಕೊಂಬೆಯಿಂದ ಅದನ್ನು ಎಳೆದಳು. ಇಬ್ಬರೂ ಹೊತ್ತು ತಂದು ಅವ್ವನ ಮುಂದೆ ಇಟ್ಟೆವು, ಶಹಬ್ಬಾಸ್ ಅಂತಾಳೆ ಅಂತ. ಅವ್ವ ಎದೆಗೆ ಕೈಯಿಟ್ಟುಕೊಂಡು, "ಗಂಗವ್ವನ ಉಡ್ಯಾಗಿಂದು ಕಸಗೊಂಡು ಬಂದೀರೇನು! ಹೋಗ್ರಿ, ವಾಪಸ್ ಕೊಟ್ಟು ಬರ್ರಿ" ಎಂದಳು. ಮತ್ತೆ ಹೊತ್ತುಕೊಂಡು ಹೋದರೆ ಗಂಗವ್ವ ಅಷ್ಟರಲ್ಲಿ ಇಳಿದುಬಿಟ್ಟಿದ್ದಾಳೆ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಕುಂಬಳಕಾಯಿ ತೇಲಲೊಲ್ಲದು. ಅಕ್ಕ ದೂಡಿದಳು, ನಾನು ಒದ್ದೆ, ಕಡೆಗೆ ಒಂದು ಎಮ್ಮೆ ಬಂದು ನಮ್ಮ ಕಣ್ಣೆದುರೇ ಅದನ್ನು ಒಡೆದು ತಿಂದಿತು. "ಗಂಗವ್ವಗ ಮುಟ್ತು" ಎಂದು ಅವ್ವನಿಗೆ ಹೇಳಿದೆವು. ಇಬ್ಬರೂ ಕೂಡಿ ಹೇಳಿದ ಮೊದಲ ಸುಳ್ಳು ಅದು.

ಅಕ್ಕನನ್ನು ಕೊಟ್ಟದ್ದು ಸಿಂಧನೂರು ತಾಲೂಕಿನ ಮುಕ್ಕುಂದಕ್ಕೆ. ಅಲ್ಲಿ ತುಂಗಭದ್ರಾ ಹೊಳೆಯೇ ಇದೆ, ಭತ್ತದ ಸೀಮೆ. ನಾನು ಲಿಂಗಸುಗೂರಿನಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾದೆ. ಅಪ್ಪ, ಅವ್ವ ಹೋದ ಮೇಲೆ ಅಕ್ಕನಿಗೆ ತವರು ಎಂದು ಉಳಿದದ್ದು ನಾನೊಬ್ಬನೇ, ನನ್ನ ಬಾಡಿಗೆ ಮನೆಯೇ.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಜೋಕಾಲಿ, ಎಳ್ಳುಂಡಿ, ಶೇಂಗಾ ಉಂಡಿ, ಜೋಳದ ಅಳ್ಳು, ಎಲ್ಲ ಅವರಿಗೇ. ಆದರೆ ಒಂದು ಕಟ್ಟಳೆ ಇದೆ. ಹೆಣ್ಣುಮಗಳು ತಾನಾಗಿ ತವರಿಗೆ ಬರುವಂತಿಲ್ಲ. ಅಣ್ಣನೋ ತಮ್ಮನೋ ಅವಳ ಬಾಗಿಲಿಗೆ ಹೋಗಿ ಕರೆಯಬೇಕು. ಫೋನು ನಡೆಯುವುದಿಲ್ಲ, ಚೀಟಿ ನಡೆಯುವುದಿಲ್ಲ, ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದರೆ ನಡೆಯುವುದೇ ಇಲ್ಲ. ಬಾಗಿಲಿಗೆ ಬಂದವನಿಗೆ ಕಾಲಿಗೆ ನೀರು ಕೊಟ್ಟು, ಉಣ್ಣಲಿಕ್ಕೆ ಹಾಕಿ, ಬ್ಯಾಗು ತುಂಬಿಕೊಂಡು ಅವಳು ಹೊರಡಬೇಕು. ನಮ್ಮ ನೀಲಕ್ಕನಂತೂ ಯಮ ಬಂದರೂ ರೀತಿ ಪ್ರಕಾರ ಕರೆಯದೆ ಎದ್ದು ಹೋಗುವವಳಲ್ಲ.

ಇಂಥ ಅಕ್ಕನ ಮುಂದೆ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದಕ್ಕೆ ನನ್ನ ಗುಮಾಸ್ತಿಕೆಯೇ ಕಾರಣ. ಫಾರಮಿನಲ್ಲಿ ಖಾಲಿ ಜಾಗ ಕಂಡರೆ ನನಗೆ ಕೈ ತುರಿಸುತ್ತದೆ. ಮಗಳು ಹುಟ್ಟಿದಾಗ ಜನನ ಪತ್ರದ ಅರ್ಜಿಯಲ್ಲಿ "ಮಗುವಿನ ಹೆಸರು" ಎಂಬಲ್ಲಿ ಒಂದು ಗೆರೆ ಖಾಲಿ ಇತ್ತು. ಎಲ್ಲರೂ ಆಮೇಲೆ ತುಂಬಿಸುತ್ತಾರೆ. ನಾನು ಅಲ್ಲೇ ಪೆನ್ನು ತೆಗೆದು "ಸಾನ್ವಿ" ಎಂದು ದುಂಡಗೆ ಬರೆದೆ. ಪತ್ರ ಬಂದದ್ದೇ ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ತೂಗುಹಾಕಿದೆ. ಎಲ್ಲಿ ಗೊತ್ತೇನು? ತೊಟ್ಟಿಲಿನ ನೆತ್ತಿಯ ಮೇಲೆ!

ತೊಟ್ಟಿಲಿಗೆ ಹಾಕುವ ದಿನ ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಮೊದಲ ಸಲ ಹೆಸರು ಹೇಳಬೇಕು, ಆಗ ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಆ ಗುದ್ದು ತಿನ್ನಲು ಅತ್ತೆಯಾದವಳು ಪುಣ್ಯ ಮಾಡಿರಬೇಕು ಅಂತಾರೆ. ನೀಲಕ್ಕ ಹೊಸ ಇಳಕಲ್ ಸೀರೆ ಉಟ್ಟು ಮುಕ್ಕುಂದದಿಂದ ಬಂದಳು. ಹೆಸರನ್ನು ಯಾರಿಗೂ ಹೇಳದೆ ಬಾಯಲ್ಲಿ ಲವಂಗ ಇಟ್ಟುಕೊಂಡಂತೆ ಇಟ್ಟುಕೊಂಡಿದ್ದಳು. ಇನ್ನೇನು ತೊಟ್ಟಿಲಿಗೆ ಬಗ್ಗಬೇಕು, ಪಕ್ಕದ ಮನೆಯಾಕೆ ಗೋಡೆ ನೋಡಿ, "ಸಾನ್ವಿ! ಚಂದ ಅದ ಹೆಸರು" ಅಂದುಬಿಟ್ಟಳು.

ಅಕ್ಕ ಬಗ್ಗಿದವಳು ನೆಟ್ಟಗಾದಳು. ಗೋಡೆಯ ಮೇಲಿನ ಪತ್ರವನ್ನು ಸಾವಕಾಶ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೆಸರು ಆಗೇಬಿಟ್ಟೈತಲ್ಲೋ ಶರಣಪ್ಪ. ಮತ್ತ ನನ್ನ ಯಾಕ ಕರಸೀದಿ? ಬರೇ ಗುದ್ದು ತಿನ್ನಾಕೇನು?" ಎಂದಳು. ಎಲೆಯ ಮೇಲೆ ಹೋಳಿಗೆ ಬಡಿಸಿಯಾಗಿತ್ತು. ಉಣ್ಣದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಆ ವರ್ಷದ ಪಂಚಮಿಗೆ ನಾನು ಕರೆಯಲು ಹೋಗಲಿಲ್ಲ. ಉಣ್ಣದೆ ಎದ್ದು ಹೋದವಳು ಅವಳು, ನಾನ್ಯಾಕೆ ಹೋಗಲಿ ಎಂಬ ಕೊಬ್ಬು. ಮರುವರ್ಷ ಕೊಬ್ಬು ಕರಗಿತ್ತು, ಆದರೆ ಹೋದ ವರ್ಷ ಹೋಗಲಿಲ್ಲವಲ್ಲ, ಈಗ ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆ. ಹೀಗೆ ಎರಡು ಪಂಚಮಿ ಹೋದವು. ಮೂರನೆಯದೂ ಹೋಗಿದ್ದರೆ ಅಕ್ಕ ನನ್ನ ಪಾಲಿಗೆ ಇಲ್ಲವಾಗುತ್ತಿದ್ದಳು. ಮೂರು ವರ್ಷ ಕರೆಯದಿದ್ದರೆ ತವರು ತೀರಿತು ಎಂದೇ ನಮ್ಮ ಕಡೆ ಲೆಕ್ಕ, ಆಮೇಲೆ ಕರೆದರೂ ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಸುಮಂಗಲಾಗೂ ಗೊತ್ತಿತ್ತು. ಅವಳು ದಿನಾ ನೆನಪು ಮಾಡುತ್ತಿದ್ದಳು, ನಾನು ದಿನಾ ಕಿವುಡನಾಗುತ್ತಿದ್ದೆ.

ಮೂರನೆಯ ಪಂಚಮಿ ಹತ್ತಿರ ಬಂದಾಗಲೇ ಬಂತು ನೋಡಿ ಆ ಗಾಳಿಮಳೆ. ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದಿದೆ ಎಂದು ಟಿವಿಯವರು ಹೇಳುತ್ತಿದ್ದರು. ಅಲ್ಲಿ ಎದ್ದದ್ದಕ್ಕೂ ನಮ್ಮ ಲಿಂಗಸುಗೂರಿಗೂ ಏನು ಸಂಬಂಧ ಎಂದು ನಾನು ಚಹಾ ಕುಡಿಯುತ್ತ ಕೂತಿದ್ದೆ. ಎರಡು ದಿನ ಬಿಟ್ಟೂಬಿಡದೆ ಹೊಡೆಯಿತು. ಬೇವಿನ ಮರಗಳು ರಸ್ತೆಗೆ ಮಲಗಿದವು, ತಗಡುಗಳು ಪೇಪರಿನಂತೆ ಹಾರಿದವು. ಸಂಜೆ ಸುದ್ದಿಯಲ್ಲಿ ತುಂಗಭದ್ರಾ ತುಂಬಿ ಬರುತ್ತಿದೆ, ದಂಡೆಯ ಊರಿನವರು ಎಚ್ಚರ ಎಂದರು. ಮುಕ್ಕುಂದ ದಂಡೆಯ ಊರು. ಫೋನು ತೆಗೆದೆ. "ನೀಲಕ್ಕ ಮುಕ್ಕುಂದ" ಎಂಬ ಹೆಸರಿನ ಮೇಲೆ ಬೆರಳು ತಂದೆ. ಇಟ್ಟೆ. ಮತ್ತೆ ತೆಗೆದೆ. ಇಟ್ಟೆ.

"ಫೋನಿಗೆ ಕಜ್ಜಿ ಹತ್ತೈತೇನ್ರಿ? ಎಷ್ಟು ಸಲ ತೀಡ್ತೀರಿ?" ಎಂದಳು ಸುಮಂಗಲಾ. "ಬೆಳಿಗ್ಗೆ ಎದ್ದು ಹೋಗ್ರಿ, ಕರಕೊಂಡು ಬರ್ರಿ. ಫೋನಿನ್ಯಾಗ ಬೈಸಿಗೊಳ್ಳೋದಕ್ಕಿಂತ ಎದುರಿಗೆ ಬೈಸಿಗೊಳ್ಳೋದು ಚಲೋ."

ಬೆಳಿಗ್ಗೆ ಮಳೆ ನಿಂತಿತ್ತು. ಹೊಸ ಅಂಗಿ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಅಕ್ಕನಿಗೆ ಹೇಳಿರಲಿಲ್ಲ, ಹೇಳಿದರೆ ಬರಬ್ಯಾಡ ಅಂದುಬಿಟ್ಟಾಳು ಎಂಬ ಹೆದರಿಕೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡುತ್ತ ಹೋದೆ. ಮಸ್ಕಿಯಲ್ಲಿ ಸೇತುವೆ ಇನ್ನೂ ಒಂದಿಷ್ಟು ದೂರ ಇರುವಾಗಲೇ ಡ್ರೈವರ್ ಎಂಜಿನ್ ಬಂದ್ ಮಾಡಿ, "ಇಳೀರಿ, ಹಳ್ಳ ಬಂದೈತಿ" ಎಂದ.

ಬಸ್ಸಿನಲ್ಲಿ ಒಬ್ಬರಾದರೂ ಅಯ್ಯೋ ಅಂದರೆ ಕೇಳಿ! ಎಲ್ಲರ ಮುಖವೂ ಅರಳಿತು. ಕೋರ್ಟಿಗೆ ಹೊರಟವರು, ದವಾಖಾನೆಗೆ ಹೊರಟವರು, ಎಲ್ಲರೂ ನಾ ಮುಂದು ತಾ ಮುಂದು ಎಂದು ಇಳಿದು ಓಡಿದರು. ನಾನೂ ಓಡಿದೆ. ಸುಳ್ಳು ಯಾಕೆ ಹೇಳಲಿ, ಓಡುವಾಗ ನನ್ನ ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು. ನಾನು ಹೊರಟದ್ದು ಖರೆ, ಹಳ್ಳ ಅಡ್ಡ ಬಂದದ್ದು ಖರೆ. ಇನ್ನು ಮನೆಗೆ ಹೋಗಿ ಸುಮಂಗಲಾಗೆ ನೆಪ ಹೇಳಲು ಇದಕ್ಕಿಂತ ದೊಡ್ಡದು ಬೇಕೇ? ನಾನು ಎಂಥವನು ಅಂತ ಈಗಲಾದರೂ ನಿಮಗೆ ತಿಳಿದಿರಬೇಕು.

ಆದರೆ ಆ ಹಳ್ಳ! ಆಹಾ, ಏನು ಹೇಳಲಿ! ಸೇತುವೆಯೇ ಕಾಣುತ್ತಿರಲಿಲ್ಲ. ಕೆಂಪು ನೀರು ಎರಡೂ ಕಡೆ ಹೊಲಗಳಿಗೆ ನುಗ್ಗಿ ಗುಡುಗುಡು ಸದ್ದು ಮಾಡುತ್ತ ಹೊರಟಿತ್ತು. ಬೇರುಸಹಿತ ಜಾಲಿಮರ ಹೋಯಿತು. ನೀಲಿ ಬ್ಯಾರಲ್ ಹೋಯಿತು. ಯಾವುದೋ ಚಹಾದಂಗಡಿಯ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಹಿಂದೆ ಒಂದು, ಮದುವೆಗೆ ಹೊರಟವರಂತೆ ಹೋದವು. ಪ್ರತಿಯೊಂದಕ್ಕೂ ಎರಡೂ ದಂಡೆಯ ಮಂದಿ "ಹೋಯ್" ಎನ್ನುತ್ತಿದ್ದರು. ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಮೊಬೈಲು. ಅಷ್ಟರಲ್ಲೇ ಹುಲಿಗೆಮ್ಮ ಎಂಬ ಮುದುಕಿ ಕೆಂಡದ ಬುಟ್ಟಿ ತಂದಿಟ್ಟು ಮೆಕ್ಕೆತೆನೆ ಸುಡಲು ಕೂತಿದ್ದಳು. ಒಬ್ಬ ಪೊಲೀಸಪ್ಪ ಹಗ್ಗ ಕಟ್ಟಿ, "ಹಿಂದಕ ಸರೀರಿ, ಹಿಂದಕ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ನಡುನಡುವೆ ತಾನೂ ತಿರುಗಿ ನೋಡುತ್ತಿದ್ದ.

ನನ್ನ ಪಕ್ಕದಲ್ಲಿ ಮೊಪೆಡ್ಡಿನ ಹಿಂದೆ ಖಾಲಿ ಮೀನಿನ ಬುಟ್ಟಿ ಕಟ್ಟಿಕೊಂಡು ಬಿಮಲ್ ಎಂಬವರು ನಿಂತಿದ್ದರು. ಸಿಂಧನೂರು ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನವರು, ಲಿಂಗಸುಗೂರಿನಲ್ಲಿ ಮೀನು ಮಾರಿ ಮನೆಗೆ ಹೊರಟಿದ್ದರು. ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಅದನ್ನೇ ನೋಡುತ್ತಿದ್ದರು. "ಎಷ್ಟೊತ್ತಿಗೆ ಇಳೀತೈತ್ರೀ?" ಎಂದೆ. "ನೊರಿ ಇನ್ನಾ ಐತ್ರಿ. ನೊರಿ ಹೋಗೋತನಕ ಏರ್ತೈತಿ. ನಮ್ಮಜ್ಜ ಪದ್ಮಾ ಹೊಳಿ ದಂಡ್ಯಾಗ ಹುಟ್ಟಿದಾಂವ. ಇದನ್ನ ನೋಡಿದ್ರ ಕಾಲು ತೊಳಿಯೋ ನೀರು ಅಂತಿದ್ದ" ಎಂದರು.

ಆ ದಂಡೆಯಲ್ಲೂ ಸಿಂಧನೂರಿನಿಂದ ಬಂದ ಬಸ್ಸು ನಿಂತಿತ್ತು, ಅದರ ಮಂದಿಯೂ ಇಳಿದು ನಿಂತಿದ್ದರು. ನಡುವೆ ಜೋರಾಗಿ ಕಲ್ಲೆಸೆದರೆ ಮುಟ್ಟುವಷ್ಟು ದೂರ. ಅವರಲ್ಲಿ ಒಬ್ಬ ಹೆಂಗಸು ಸೊಂಟಕ್ಕೆ ಒಂದು ಕೈ ಕೊಟ್ಟು, ತಲೆ ಒಂದು ಕಡೆ ವಾಲಿಸಿ ನಿಂತಿದ್ದಳು. ಕಂಕುಳಲ್ಲಿ ಊದಿಕೊಂಡ ಬ್ಯಾಗು. ಹಾಗೆ ನಿಲ್ಲುವವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಾಳೆ. ಕರೆಯದೆ ಎಲ್ಲಿಗೂ ಹೋಗದ ನೀಲಕ್ಕ ಬ್ಯಾಗು ತುಂಬಿಕೊಂಡು ಲಿಂಗಸುಗೂರಿನ ದಾರಿಯಲ್ಲಿ ನಿಂತಿದ್ದಾಳೆ!

ಈ ಸಲ ಬೆರಳು ತಾನಾಗಿಯೇ ಒತ್ತಿತು. ಆ ದಂಡೆಯಲ್ಲಿ ಅವಳು ಬ್ಯಾಗಿನೊಳಗೆ ಕೈಹಾಕಿ ತಡಕಾಡುವುದು, ಫೋನು ತೆಗೆಯುವುದು, ಅದರ ಮುಖವನ್ನೇ ನೋಡುವುದು, ನೋಡುತ್ತಲೇ ಇರುವುದು, ಎಲ್ಲ ಕಾಣುತ್ತಿತ್ತು. ಎತ್ತಲಿಲ್ಲ. ಬ್ಯಾಗಿಗೆ ಹಾಕಿದಳು. ಮತ್ತೆ ಮಾಡಿದೆ. ಸೆರಗಿನಿಂದ ಮುಖ ಒರೆಸಿಕೊಂಡು ಎತ್ತಿದಳು. ಹಳ್ಳದ ಸದ್ದಿಗೆ ಕೇಳಲೊಲ್ಲದು ಎಂದು ನಾನು ಸ್ಪೀಕರ್ ಹಾಕಿದೆ.

"ಯಾರು?"

"ನಾ... ಶರಣಪ್ಪ."

"ಯಾವ ಶರಣಪ್ಪ? ನಮ್ಮೂರಾಗ ನಾಕು ಮಂದಿ ಶರಣಪ್ಪ ಅದಾರ."

"ನಿನ್ನ ತಮ್ಮ ಅಕ್ಕಾ. ಎಲ್ಲಿದ್ದಿ?"

"ಎಲ್ಲಿರ್ಲಿ? ಮನ್ಯಾಗ ಅದೀನಿ. ರೊಟ್ಟಿ ಬಡಿಯಾಕತ್ತೀನಿ."

ನನ್ನ ಒಂದು ಕಿವಿಗೆ ಹಳ್ಳದ ಸದ್ದು, ಇನ್ನೊಂದು ಕಿವಿಗೆ ಫೋನಿನಿಂದ ಅದೇ ಹಳ್ಳದ ಸದ್ದು. ಹುಲಿಗೆಮ್ಮ ತೆನೆ ತಿರುವುವುದನ್ನು ಬಿಟ್ಟು ಕಿವಿಗೊಟ್ಟಳು. ಬಿಮಲ್ ಕಡ್ಡಿ ಬಿಟ್ಟು ನನ್ನ ಕಡೆ ತಿರುಗಿದರು.

"ಅಕ್ಕಾ, ರೊಟ್ಟಿ ಬಡಿಯೋದು ಬಿಟ್ಟು ಸ್ವಲ್ಪ ಎದುರಿಗೆ ನೋಡು. ಕೈ ಎತ್ತೀನಿ ನೋಡು."

ಅವಳ ತಲೆ ಆ ಕಡೆ ಈ ಕಡೆ ತಿರುಗಿ ನನ್ನ ಮೇಲೆ ಬಂದು ನಿಂತಿತು. ಸೊಂಟದ ಮೇಲಿನ ಕೈ ಜಾರಿತು.

"ನೀ ಇಲ್ಲ್ಯಾಕ ಬಂದಿ?" ಎಂದಳು.

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. "ಹಳ್ಳ ನೋಡಾಕ ಬಂದೀನಿ" ಎಂದೆ. "ನೀ?"

"ನಾನೂ ಹಳ್ಳ ನೋಡಾಕ ಬಂದೀನಿ."

"ಮುಕ್ಕುಂದದಾಗ ಅಷ್ಟು ದೊಡ್ಡ ಹೊಳಿ ಇಟಗೊಂಡು, ಹಳ್ಳ ನೋಡಾಕ ಮಸ್ಕಿಗಿ ಬಂದ್ಯಾ?"

"ನನ್ನ ಖುಷಿ. ನೀ ಹಳ್ಳ ನೋಡಾಕ ಹೊಸಾ ಅಂಗಿ ಹಾಕ್ಕೊಂಡು ಬರಬಹುದು, ನಾ ಬರಬಾರದೇನು?"

"ಮತ್ತ ಬ್ಯಾಗು?"

"ಮಳಿ ಬಂದ್ರ ಇರಲಿ ಅಂತ ಒಂದು ಸೀರಿ ತಂದೀನಿ. ನಿನಗ್ಯಾಕ ಅದರ ಉಸಾಬರಿ?"

ಹುಲಿಗೆಮ್ಮನಿಗೆ ತಡೆಯಲಾಗಲಿಲ್ಲ. "ಯಾರ್ಲೇ ಆಕಿ?" ಎಂದು ನನ್ನನ್ನು ಕೇಳಿದಳು. ನಮ್ಮಕ್ಕ ಎಂದೆ. "ಪಂಚಮಿ ಮುಂದ ಇಟಗೊಂಡು ಅಕ್ಕನ ಕೂಡ ಹಿಂಗ ಮಾತಾಡ್ತಾರೇನೋ? ಕರೆಯಾಕ ಬಂದೀನಿ ಅಂತ ಹೇಳು. ಬಾಯಾಗ ಏನು ಕಡಬು ಇಟಗೊಂಡಿ?" ಎಂದಳು. ಸುತ್ತಲಿನವರು ಹೌದೌದು ಎಂದರು. ಆ ಹೊತ್ತಿಗೆ ಕುರ್ಚಿ, ಬ್ಯಾರಲ್ಲು ಯಾರಿಗೂ ಬೇಡವಾಗಿದ್ದವು. ಹತ್ತಿಪ್ಪತ್ತು ಮಂದಿ ಹಳ್ಳಕ್ಕೆ ಬೆನ್ನು ಕೊಟ್ಟು ನನ್ನ ಬಾಯಿ ನೋಡುತ್ತಿದ್ದರು.

"ಅಕ್ಕಾ," ಎಂದೆ. "ಸುಳ್ಳು ಹೇಳ್ದೆ. ನಾ ನಿನ್ನ ಕರೆಯಾಕ ಬಂದೀನಿ. ಹೆಸರು ನಾನ ಇಟ್ಟಿದ್ದು ತಪ್ಪಾತು. ಎರಡು ವರ್ಷ ಬರದಿದ್ದಿದ್ದು ಅದಕ್ಕಿಂತ ದೊಡ್ಡ ತಪ್ಪಾತು. ಬಾ ಅಕ್ಕಾ, ಹಬ್ಬಕ್ಕ."

ಅವಳು ಆ ದಂಡೆಯಲ್ಲಿ ನಿಧಾನಕ್ಕೆ ಬ್ಯಾಗಿನ ಮೇಲೆ ಕೂತಳು. ಆಮೇಲೆ, "ಕರೆಯಾಕ ಬಂದಾಂವ ಬಾಗಿಲಿಗೆ ಬರ್ತಾನ. ಹಳ್ಳದ ಆ ದಂಡಿಗೆ ನಿಂತು ಫೋನ್ ಮಾಡಂಗಿಲ್ಲ" ಎಂದು ಕಟ್ ಮಾಡಿದಳು.

ನನಗೇನು ಹುಚ್ಚು ಹಿಡಿಯಿತೋ! ಹಗ್ಗದ ಕೆಳಗೆ ನುಸುಳಿ ನೀರಿಗೆ ಬಲಗಾಲು ಇಟ್ಟೇಬಿಟ್ಟೆ. ಮೊಣಕಾಲೂ ಮುಳುಗಿರಲಿಲ್ಲ, ಯಾರೋ ಕಾಲು ಹಿಡಿದು ಜಗ್ಗಿದಂತಾಗಿ ಚಪ್ಪಲಿ ಕಿತ್ತು ಹೋಯಿತು. ಅಷ್ಟರಲ್ಲಿ ಪೊಲೀಸಪ್ಪ ಕೊರಳಪಟ್ಟಿ ಹಿಡಿದು ಎಳೆದು ಒಣನೆಲಕ್ಕೆ ಕೆಡವಿದ. ಹೊಸ ಅಂಗಿಯ ಎರಡು ಗುಂಡಿ ಹಾರಿದವು. "ಅಕ್ಕನ್ನ ಹಬ್ಬಕ್ಕ ಕರೆಯಾಕ ಬಂದೀಯೋ, ನಿನ್ನ ತಿಥಿ ದಿನಕ್ಕ ಕರೆಯಾಕ ಬಂದೀಯೋ, ಮಗನ!" ಎಂದು ಬೈದ. ಆ ದಂಡೆಯಲ್ಲಿ ಅಕ್ಕ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂಗುತ್ತಿದ್ದಳು. ಸದ್ದು ಕೇಳಿಸದಿದ್ದರೂ ಬಾಯಿ ಕಾಣುತ್ತಿತ್ತು. ಕೂಡಲೇ ನನ್ನ ಫೋನು ರಿಂಗಾಯಿತು.

"ಏ ಖೋಡಿ! ಹುಚ್ಚ ಸೂಳಿಮಗನ! ಹಿಂದಕ ಸರಿ! ನೀ ತೇಲಿ ಹ್ವಾದ್ರ ನಾ ಯಾರ ಮನಿಗಿ ಹೋಗ್ಲೋ? ಅಲ್ಲೇ ಕುಂದ್ರು. ನಾನೂ ಇಲ್ಲೇ ಕುಂದ್ರತೀನಿ. ಎಲ್ಲಿಗೂ ಹೋಗಂಗಿಲ್ಲ. ಕೇಳ್ತೇನು? ಎಲ್ಲಿಗೂ ಹೋಗಂಗಿಲ್ಲ!"

ಎರಡೂವರೆ ವರ್ಷದ ಮೇಲೆ ಅಕ್ಕನಿಂದ ಅಂಥ ಬೈಗುಳ ತಿಂದೆ ನೋಡಿ, ನನಗೆ ಅಳು, ನಗು ಕೂಡಿ ಬಂತು. ಹುಲಿಗೆಮ್ಮ ಒಂದು ತೆನೆ ಕೈಗಿಟ್ಟು, "ತಿನ್ನು, ಇನ್ನ ನಿನ್ನ ಕೆಲಸ ಆತು" ಎಂದಳು.

ಆಮೇಲೆ ಶುರುವಾಯಿತು ಕಾಯುವುದು. ಅಂಥ ಕಾಯುವಿಕೆ ದಿನಾ ಸಿಕ್ಕರೂ ನಾನು ತಯಾರು. ಬಿಮಲ್ ಕಡ್ಡಿ ನೋಡುವುದು, "ಎರಡು ಬಟ್ಟು ಇಳೀತ್ರಿ!" ಎಂದು ಸಾರುವುದು, ನಾನು ಅದನ್ನು ಆ ದಂಡೆಗೆ ಫೋನಿನಲ್ಲಿ ಹೇಳುವುದು, ಅಕ್ಕ ಅಲ್ಲಿಯವರಿಗೆ ಸಾರುವುದು, ಆ ದಂಡೆಯವರು ಸಿಳ್ಳೆ ಹೊಡೆಯುವುದು. ಒಮ್ಮೆ ಮತ್ತೆ ಒಂದು ಬೆರಳು ಏರಿತು. ಎರಡೂ ದಂಡೆಗೆ ಸೂತಕ ಬಂದಂತಾಯಿತು. ನಡುವೆ ಒಂದು ಸಲ ಅಕ್ಕ ತಾನಾಗಿಯೇ ಫೋನು ಮಾಡಿ, "ನಿಮ್ಮ ಮನಿ ತಗಡು ಅದಾವೇನು, ಹಾರಿ ಹ್ವಾದವೇನು?" ಎಂದು ಕೇಳಿದಳು. "ಅದಾವಕ್ಕಾ." "ಲಿಂಗಸುಗೂರಾಗ ತಗಡು ಹಾರ್ಯಾವಂತ ಟಿವಿ ಒಳಗ ತೋರಿಸಿದ್ರು. ಕೂಸು ಐತಲ್ಲ ಮನ್ಯಾಗ. ರಾತ್ರಿ ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ನೀ ಕರೀದಿದ್ರ ಬಿಡು ಅಂತ ಬ್ಯಾಗ್ ತುಂಬಿದೆ." ಇಷ್ಟು ಹೇಳಿ, ಹೇಳಬಾರದ್ದು ಹೇಳಿದೆನೆಂಬಂತೆ ಪಟ್ಟನೆ ಕಟ್ ಮಾಡಿದಳು. ನನ್ನ ಕೈಯಲ್ಲಿ ತೆನೆ ತಣ್ಣಗಾಗಿತ್ತು.

ಮೂರು ಗಂಟೆ ಹೊತ್ತಿಗೆ ಸೇತುವೆಯ ಕಂಬಿ ತಲೆ ಎತ್ತಿತು. ನಾಲ್ಕರ ಹೊತ್ತಿಗೆ ರಾಡಿ ಮೆತ್ತಿದ ರಸ್ತೆ ಪೂರ್ತಿ ಕಂಡಿತು. ಪೊಲೀಸಪ್ಪ ಎರಡು ಸಲ ಹೋಗಿ ಬಂದು, ಗಟ್ಟಿ ಇದೆ ಎಂದು ನೋಡಿ, ನಡೆದು ದಾಟುವವರನ್ನು ಬಿಟ್ಟ. ಆ ಕಡೆಯಿಂದ ಮೊದಲು ಹೊರಟವಳು ಅಕ್ಕ. ಬ್ಯಾಗು ತಲೆಯ ಮೇಲೆ, ಸೀರೆ ಮೊಣಕಾಲಿನ ತನಕ, ದಡಬಡ ಬರುತ್ತಿದ್ದಾಳೆ! ನಮ್ಮ ದಂಡೆಯಲ್ಲಿ ಚಪ್ಪಾಳೆ. ನಡುಸೇತುವೆಗೆ ಬಂದವಳು ಗಕ್ಕನೆ ನಿಂತಳು. ನನ್ನನ್ನೇ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ, ಬಂದಷ್ಟೇ ದಡಬಡ ವಾಪಸ್ ನಡೆದುಬಿಟ್ಟಳು.

ಚಪ್ಪಾಳೆ ನಿಂತಿತು. "ಸಿಟ್ಟು ಬಂತಂತ ಕಾಣಸ್ತೈತ್ರಿ" ಎಂದರು ಬಿಮಲ್. ಹುಲಿಗೆಮ್ಮ ಹಣೆ ಬಡಿದುಕೊಂಡು, "ಗಂಡಸರಿಗೆ ಏನು ತಿಳೀತೈತಿ! ಹೋಗೋ ದಡ್ಡಾ, ಓಡು. ಆಕಿ ನಿನ್ನ ದಾರಿ ನೋಡಾಕ ಹೋಗ್ಯಾಳ" ಎಂದಳು.

ಓಡಿದೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಗುಂಡಿಯಿಲ್ಲದ ಅಂಗಿ. ಅಕ್ಕ ಸೇತುವೆಯ ಆ ತುದಿಯಲ್ಲಿ, ತನ್ನ ಮನೆಯ ಬಾಗಿಲಲ್ಲಿ ನಿಂತಂತೆ ನಿಂತಿದ್ದಳು. ಸೀರೆ ಇಳಿಸಿಕೊಂಡಿದ್ದಳು, ಸೆರಗು ತಲೆಯ ಮೇಲೆ ಬಂದಿತ್ತು. ನಾನು ಹೋಗಿ ಎದುರಿಗೆ ನಿಂತೆ.

"ಬಾರೋ ತಮ್ಮಾ, ಈಗ ಬಂದ್ಯಾ?" ಎಂದಳು, ಬೆಳಗಿನಿಂದ ನನ್ನನ್ನು ನೋಡಿಯೇ ಇಲ್ಲದವಳ ಹಾಗೆ. ಬ್ಯಾಗಿನಿಂದ ಕುಡಿಯುವ ನೀರಿನ ಬಾಟ್ಲಿ ತೆಗೆದು, ಬಗ್ಗಿ, ರಾಡಿಯಾದ ನನ್ನ ಎರಡೂ ಕಾಲ ಮೇಲೆ ಸುರಿದಳು. ಅಷ್ಟು ದೊಡ್ಡ ಹಳ್ಳದ ದಂಡೆಯಲ್ಲಿ ಒಂದು ಲೀಟರ್ ಬಾಟ್ಲಿಯಿಂದ ಕಾಲಿಗೆ ನೀರು! ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. "ಅಕ್ಕಾ, ಹಬ್ಬಕ್ಕ ಕರೆಯಾಕ ಬಂದೀನಿ, ನಡಿ" ಎಂದು ಅವಳ ಕಾಲು ಮುಟ್ಟಿದೆ. ಬ್ಯಾಗಿನೊಳಗಿನ ಡಬ್ಬಿಯಿಂದ ಒಂದು ಶೇಂಗಾ ಉಂಡಿ ತೆಗೆದು ನನ್ನ ಬಾಯಿಗೆ ತುರುಕಿದಳು. ಉಣ್ಣಲಿಕ್ಕೆ ಹಾಕಿದ್ದೂ ಆಯಿತು. ಬ್ಯಾಗು ನಾನು ಹೊತ್ತೆ.

ಲಿಂಗಸುಗೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ದಾರಿಯಲ್ಲಿ ಬಿದ್ದ ಮರಗಳನ್ನು ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು:

"ಮಗಳು ಮಾತಾಡ್ತಾಳೇನೋ?"

"ಮೂರು ತುಂಬಾಕ ಬಂತಲ್ಲಕ್ಕಾ, ಮಾತಾಡ್ತಾಳ. ಬಾಯಿ ಮುಚ್ಚಂಗಿಲ್ಲ."

"ಏನೇನು ಅಂತಾಳ?"

"ಅಪ್ಪ ಅಂತಾಳ, ಅವ್ವ ಅಂತಾಳ. ಮಾಮ, ಅಜ್ಜಿ, ಎಲ್ಲಾ ಅಂತಾಳ."

"ಅತ್ತಿ ಅಂತಾಳೇನು?"

ನಾನು ತಲೆ ತಗ್ಗಿಸಿದೆ. ನಮ್ಮ ಮನೆಯಲ್ಲಿ ಆ ಮಾತಿಗೆ ಮನುಷ್ಯರೇ ಇರಲಿಲ್ಲ, ಯಾರೂ ಕಲಿಸಿರಲಿಲ್ಲ. "ಇಲ್ಲಕ್ಕಾ" ಎಂದೆ.

ಬೈಯುತ್ತಾಳೆ ಎಂದು ಕಾದೆ. ಅಕ್ಕ ಕಿಟಕಿಯಾಚೆಗೇ ನೋಡುತ್ತ, ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು ಹೇಳಿದಳು:

"ಭೇಷಾತು ಬಿಡು. ಅದೊಂದು ಮಾತನ್ನರೆ ನನಗ ಕಲಸಾಕ ಬಿಟ್ಟಿ."